ಎಕ್ಸ್‌ಪೆಡಿಷನ್‌ಗೆ ದಂಡಯಾತ್ರೆಯೇ ಆಗಬೇಕೇ?

‘ಅಂಟಾರ್ಕ್ಟಿಕಾಕ್ಕೆ ಭಾರತದ ಮೊದಲ ದಂಡಯಾತ್ರೆ’ ಎಂದು ಅಚ್ಚಾದರೆ ಪೆಂಗ್ವಿನ್‌ಗಳ ಮೇಲೆ ಯುದ್ಧ ಸಾರಿದಂತಿರುತ್ತದೆ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು 1982ರ ಜನವರಿ 9ರಂದು ಅಲ್ಲಿ ಇಳಿದವರು ಎಸ್.ಝಡ್. ಖಾಸಿಂ ನೇತೃತ್ವದ 21 ಜನ, ಹೋದದ್ದು ಅಧ್ಯಯನಕ್ಕೆ. ನಿಘಂಟಿನಲ್ಲಿ ಕಣ್ಣಿಗೆ ಬಿದ್ದ ಮೊದಲ ಅರ್ಥವನ್ನೇ ಎತ್ತಿಕೊಂಡರೆ ಆಗುವ ಎಡವಟ್ಟಿದು. ಅನುವಾದಗಳಲ್ಲಿ ‘ಎಕ್ಸ್‌ಪೆಡಿಷನ್’ಗೆ ಬದಲಾಗಿ ಓಡಾಡುವ ನಾಲ್ಕು ಪದಗಳನ್ನು ಒಂದೇ ಬಗೆಯ ವಾಕ್ಯಗಳಲ್ಲಿ ಕೂರಿಸಿ ನೋಡಿದ್ದೇನೆ: ದಂಡಯಾತ್ರೆ, ಸಾಹಸಯಾತ್ರೆ, ಅಭಿಯಾನ, ಶೋಧಯಾತ್ರೆ. ನನ್ನ ಓಟು ಶೋಧಯಾತ್ರೆಗೆ. ಅದೂ ಒಂದು ಕಡೆ ಕೈಕೊಡುತ್ತದೆ.

ಪದದ ಹುಟ್ಟು ನೋಡಿದರೆ ದಂಡಯಾತ್ರೆಯೇ ಎಲ್ಲಕ್ಕಿಂತ ಹತ್ತಿರ. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಪೆಸ್’ ಎಂದರೆ ಕಾಲು. ನಮ್ಮ ‘ಪಾದ’ದ ಬೇರೂ ಇದರ ಬೇರೂ ಒಂದೇ. ‘ಎಕ್ಸ್‌ಪೆಡೀರೆ’ ಎಂದರೆ ಕಾಲಿನ ಕೋಳ ಬಿಡಿಸಿ ಹೊರಡಲು ಅನುವು ಮಾಡುವುದು. ಅದರಿಂದ ಬಂದ ‘ಎಕ್ಸ್‌ಪೆಡಿಷಿಯೊ’ ರೋಮನ್ನರ ಬಾಯಲ್ಲಿ ಸೈನ್ಯ ಹೊರಡುವ ಮಾತು. ಎದುರು ಪದ ‘ಇಂಪೆಡೀರೆ’, ಕಾಲಿಗೆ ತೊಡರು ಹಾಕುವುದು. ನಮ್ಮ ‘ಕಾಲ್ತೊಡಕು’ ಇದರ ತದ್ರೂಪು. ಸೈನ್ಯ ಹೊತ್ತೊಯ್ಯುವ ಗಂಟುಮೂಟೆಗೂ ಅವರು ‘ಇಂಪೆಡಿಮೆಂಟಾ’ ಎಂದೇ ಹೆಸರಿಟ್ಟಿದ್ದರು, ಅದನ್ನು ಎಳೆದವರಿಗೇ ಗೊತ್ತು ಏಕೆಂದು. ಫ್ರೆಂಚ್ ದಾರಿಯಲ್ಲಿ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ, 16ನೇ ಶತಮಾನದ ಕೊನೆಯ ಹೊತ್ತಿಗೆ ‘ಉದ್ದೇಶವಿಟ್ಟು ಹೊರಟ ಪ್ರಯಾಣ’ ಎಂಬ ಅರ್ಥವನ್ನೂ ತಳೆಯಿತು.

ಹಾಗಾಗಿ ಕ್ರಿ.ಪೂ. 415ರಲ್ಲಿ ಅಥೆನ್ಸ್ ಸಿಸಿಲಿಯ ಮೇಲೆ ಹೋದದ್ದಕ್ಕೆ ದಂಡಯಾತ್ರೆ ಎನ್ನಿ, ಕಣ್ಣುಮುಚ್ಚಿ. ವಿಜ್ಞಾನದ ಲೇಖನಕ್ಕೆ ಮಾತ್ರ ಅದು ಒಗ್ಗದು. ಬೆಂಗಳೂರಿನ ಕಂಟೋನ್ಮೆಂಟ್ ನಿಲ್ದಾಣದ ಫಲಕದಲ್ಲೇ ‘ದಂಡು’ ಇರುವಾಗ ಓದುಗರ ಕಿವಿಯಿಂದ ಸೈನ್ಯವನ್ನು ಓಡಿಸುವುದು ಹೇಗೆ? ಮೇಲಾಗಿ ಪರೀಕ್ಷೆಗೆ ಮೇಲಿಂದ ಮೇಲೆ ಕಟ್ಟುವವನನ್ನು ಘಜ್ನಿಯ ದಂಡಯಾತ್ರೆಗೆ ಹೋಲಿಸುವ ಕುಹಕವೂ ಜೊತೆಗಿದೆ.

ಸಾಹಸಯಾತ್ರೆ ಸಾಮಾನ್ಯವಾಗಿ ಎರಡನೇ ಆಯ್ಕೆ. ಬೈಕ್ ಸವಾರಿಗೆ ಸೊಗಸು. ಆದರೆ 1872ರಿಂದ 1876ರವರೆಗೆ ಸಮುದ್ರ ಸುತ್ತಿದ ಚಾಲೆಂಜರ್ ಹಡಗಿನವರ ದಿನನಿತ್ಯದ ಕೆಲಸ ಹಗ್ಗ ಇಳಿಬಿಟ್ಟು ಆಳ ಅಳೆಯುವುದು, ತಳದ ಕೆಸರು ಮೇಲೆತ್ತುವುದು, ನೀರಿನ ಉಷ್ಣತೆ ಬರೆದಿಡುವುದು. ಅದಕ್ಕೆ ಸಾಹಸದ ಪಟ್ಟ ಕಟ್ಟಿದರೆ ಹೋದ ಉದ್ದೇಶವೇ ಮರೆಯಾಗುತ್ತದೆ.

ಅಭಿಯಾನವನ್ನು ಲಸಿಕೆಯವರಿಗೂ ಸಹಿ ಸಂಗ್ರಹದವರಿಗೂ ಬಿಟ್ಟುಬಿಡೋಣ. ತಮಾಷೆಯೆಂದರೆ, ಸಂಸ್ಕೃತದಲ್ಲಿ ಅದರರ್ಥವೂ ಶತ್ರುವಿನ ಮೇಲೆ ನುಗ್ಗುವುದು. ಕೌಟಿಲ್ಯ ಹೇಳುವ ಆರು ನೀತಿಗಳಲ್ಲಿ ಬರಿಯ ‘ಯಾನ’ವೂ ಯುದ್ಧಕ್ಕೆ ಹೊರಡುವುದೇ.

ಇನ್ನು ಶೋಧಯಾತ್ರೆ ಕೈಕೊಡುವ ಜಾಗ. ಇಂಗ್ಲಿಷಿನಲ್ಲಿ ಎಕ್ಸ್‌ಪೆಡಿಷನ್ ಎಂದರೆ ಪ್ರಯಾಣವೂ ಹೌದು, ಹೊರಟ ಜನವೂ ಹೌದು. ಹಡಗು, ನಾಯಿ, ಸಾಮಾನು ಸೇರಿದ ಇಡೀ ಪರಿವಾರವೂ ಹೌದು. ಕನ್ನಡದ ಯಾತ್ರೆಗೆ ಹೊಟ್ಟೆಯಿಲ್ಲ. ‘ಶೋಧಯಾತ್ರೆಗೆ ಆಹಾರ ಮುಗಿಯಿತು’, ‘ಶೋಧಯಾತ್ರೆ ಡೇರೆ ಹಾಕಿ ಮಲಗಿತು’ ಎಂದರೆ ನಗೆಪಾಟಲು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಪದ ಬದಲಿಸುವವರು ಬೀಳುವ ಗುಂಡಿ ಇದೇ, ನಾಲ್ಕರಲ್ಲಿ ಯಾವ ಪದ ಹಾಕಿದರೂ ಬೀಳುವುದು ಖಂಡಿತ.

ಕ್ರಿಯಾಪದ ನೋಡಿ ತೀರ್ಮಾನಿಸಬೇಕು. ಉಣ್ಣುವುದು, ಬೀಡುಬಿಡುವುದು, ದಾರಿ ತಪ್ಪುವುದು, ಸಾಯುವುದು ಬಂದರೆ ‘ತಂಡ’. ಮುಂದೂಡುವುದು, ಹಣ ಮಂಜೂರಾಗುವುದು, ವರ್ಷಗಟ್ಟಲೆ ಹಿಡಿಯುವುದು ಬಂದರೆ ‘ಯಾತ್ರೆ’. ‘ಹೊರಟಿತು’, ‘ಮರಳಿತು’ ಎರಡಕ್ಕೂ ಸಲ್ಲುವುದರಿಂದ ಮುಂದಿನ ವಾಕ್ಯ ಓದಿಯೇ ಆರಿಸಬೇಕು. ಉದಾಹರಣೆಗೆ, ಅಮೆರಿಕದ ಲೂಯಿಸ್ ಮತ್ತು ಕ್ಲಾರ್ಕ್ ಹೊರಟದ್ದು 1804ರ ಮೇ ತಿಂಗಳಲ್ಲಿ, ಸೇಂಟ್ ಲೂಯಿಸ್‌ಗೆ ಮರಳಿದ್ದು 1806ರ ಸೆಪ್ಟೆಂಬರ್‌ನಲ್ಲಿ; ದಾರಿಯಲ್ಲಿ ತೀರಿಕೊಂಡವರು ಒಬ್ಬರೇ. ಕನ್ನಡಕ್ಕೆ ತರುವಾಗ ‘ಶೋಧಯಾತ್ರೆ ಎರಡು ವರ್ಷದ ಮೇಲೆ ನಡೆಯಿತು, ತಂಡದಲ್ಲಿ ಸತ್ತವರು ಒಬ್ಬರೇ’ ಎಂದು ಒಡೆಯಬೇಕು. ತಂಡ ಬಳಸಿದ ಕೂಡಲೇ ಮುಂದಿನ ವಾಕ್ಯದಲ್ಲಿ ‘ಅದು’, ‘ಅವರು’ ಕಲಸಿಹೋಗುತ್ತವೆ. ಮೊದಲೇ ‘ತಂಡದವರು’ ಎಂದುಬಿಟ್ಟರೆ ಆ ರಗಳೆಯಿಲ್ಲ.

ಹಳೆಯ ಇಂಗ್ಲಿಷ್ ಕಾಗದಪತ್ರಗಳಲ್ಲಿ ಇನ್ನೊಂದು ಬಲೆ. ಅಲ್ಲಿ ಇದೇ ಪದಕ್ಕೆ ‘ತ್ವರೆ’ ಎಂಬ ಅರ್ಥವೂ ಉಂಟು. ಕಡತ ಬೇಗ ವಿಲೇವಾರಿ ಮಾಡಿ ಎನ್ನಲು ಕಚೇರಿಗಳಲ್ಲಿ ಇಂದಿಗೂ ಬಳಸುವ ‘ಎಕ್ಸ್‌ಪಿಡೈಟ್’ ಅದರ ಒಡಹುಟ್ಟು. ಅಂಥ ಕಡೆ ‘ಆದಷ್ಟು ಬೇಗ’ ಎಂದರೆ ಮುಗಿಯಿತು, ಯಾತ್ರೆಯ ಸುದ್ದಿಯೇ ಬೇಡ.

ಪರ್ವತಕ್ಕೆ ಶೋಧವೂ ಬೇಡ, ‘ಆರೋಹಣ’ ಸಾಕು. ಎಂ.ಎಸ್. ಕೊಹ್ಲಿ ನೇತೃತ್ವದಲ್ಲಿ 1965ರಲ್ಲಿ ಎವರೆಸ್ಟ್‌ಗೆ ಹೋದ ತಂಡದ 9 ಜನ ತುದಿ ಮುಟ್ಟಿದರು, ಅಲ್ಲಿ ಹುಡುಕುವುದೇನಿತ್ತು?

ಎರಡು ಕಾಲಂ ಅಗಲದ ತಲೆಬರಹ ಕಟ್ಟುವ ಅಭ್ಯಾಸ ನನ್ನದು. ‘ವೈಜ್ಞಾನಿಕ ಅನ್ವೇಷಣಾ ಪ್ರಯಾಣ’ಕ್ಕೆ ಅಲ್ಲಿ ಜಾಗ ಸಾಲದು. ಶೋಧಯಾತ್ರೆ ನಾಲ್ಕೇ ಅಕ್ಷರ, ವಿಭಕ್ತಿ ಸಲೀಸಾಗಿ ಅಂಟುತ್ತದೆ. ಪುಟದ ಚಿಂತೆಯಿಲ್ಲದೆ ಪುಸ್ತಕ ಮಾಡುವವರು ‘ಅನ್ವೇಷಣಾ ಯಾತ್ರೆ’ ಬಳಸಲಿ. ಅಲ್ಲೂ ತಂಡವನ್ನು ಬೇರ್ಪಡಿಸುವ ಕೆಲಸ ತಪ್ಪದು.