ಹಳೆಯ ಯೆಜ್ಡಿಗೆ ಪಾಯಿಂಟ್ ಉಳಿಸುವುದೋ, ಸಿಡಿಐ ಹಾಕಿಸುವುದೋ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿ ಬೈಕ್‌ಗಳು 6 ವೋಲ್ಟ್ ಬ್ಯಾಟರಿ, ಡೈನಮೋ ಮತ್ತು ಪಾಯಿಂಟ್‌ಗಳನ್ನೇ (ಕಿಡಿ ಹುಟ್ಟಿಸಲು ಕಾಯಿಲ್‌ನ ವಿದ್ಯುತ್ತನ್ನು ಸರಿಯಾದ ಕ್ಷಣಕ್ಕೆ ಕಡಿಯುವ ಲೋಹದ ತುದಿಗಳು) ನಂಬಿಕೊಂಡಿದ್ದವು. ಪಾಯಿಂಟ್‌ನ ದೊಡ್ಡ ಗುಣವೆಂದರೆ ದೋಷವು ಕಣ್ಣಿಗೆ ಕಾಣುತ್ತದೆ: ಮುಚ್ಚಳ ತೆಗೆದು ಕಿಕ್ ಹೊಡೆದಾಗ ಪಾಯಿಂಟ್‌ಗಳ ನಡುವೆಯೇ ಜೋರಾದ ಕಿಡಿ ಸಿಡಿದರೆ ಆ ಕಿಡಿಯನ್ನು ತಡೆಯಬೇಕಾದ ಕಂಡೆನ್ಸರ್ ಅನ್ನು ಸಂದೇಹಿಸಬೇಕು, ಮೇಲ್ಮೈ ಕಪ್ಪಾಗಿದ್ದರೆ ನಯವಾದ ಉಜ್ಜುಕಾಗದದಿಂದ ತಿಕ್ಕಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಅಂತರವನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸಿದರೆ ಗಾಡಿ ರಸ್ತೆಬದಿಯಲ್ಲೇ ಮತ್ತೆ ಹೊರಡಬಹುದು. ಆದರೆ ಪಾಯಿಂಟ್‌ಗಳನ್ನು ತೆರೆಸುತ್ತ ತಿರುಗುವ ಕ್ಯಾಮ್‌ಗೆ ಉಜ್ಜುವ ಫೈಬರ್ ತುದಿ ಸವೆದಂತೆಲ್ಲ ಅಂತರ ಕಿರಿದಾಗಿ ಕಿಡಿಯ ಟೈಮಿಂಗ್ ತಡವಾಗುತ್ತದೆ; ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ.

ಸಿಡಿಐ ಎಂದರೆ ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಕಿಡಿ ಕೊಡುವ ಎಲೆಕ್ಟ್ರಾನಿಕ್ ಇಗ್ನಿಷನ್; ಅದರಲ್ಲಿ ಸವೆಯುವ ಪಾಯಿಂಟ್ ಇಲ್ಲ. ಸ್ವಂತ ಕಾಯಿಲ್‌ನಿಂದ ವಿದ್ಯುತ್ ಪಡೆಯುವ ಬಗೆಯದಾದರೆ ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದೆ. ಸಿಡಿಐ ಪೆಟ್ಟಿಗೆ ಕೆಟ್ಟರೆ ಮಾತ್ರ ದುರಸ್ತಿಯ ಮಾತೇ ಇಲ್ಲ, ಬದಲಿಸಬೇಕು.

ನಿತ್ಯ ಓಡಾಟಕ್ಕೆ ಸಿಡಿಐ, ಭಾನುವಾರದ ಸವಾರಿಗೆ ಮತ್ತು ಮೂಲರೂಪ ಉಳಿಸುವವರಿಗೆ ಪಾಯಿಂಟ್ ಎಂಬುದು ನನ್ನ ಅಭಿಪ್ರಾಯ. ಹಣ ತೆರುವ ಮೊದಲು ಅರ್ಥಿಂಗ್ ತಂತಿಯ ತುಕ್ಕನ್ನೂ ಇಗ್ನಿಷನ್ ಸ್ವಿಚ್ಚನ್ನೂ ಪರೀಕ್ಷಿಸಿ. ಪಾಯಿಂಟ್ ಹೊತ್ತ ಅಪವಾದ ಹಲವು ಬಾರಿ ಅವುಗಳದ್ದೇ ಆಗಿರುತ್ತದೆ.