ವಾಟ್ಸಾಪ್ ಬಿಸಿನೆಸ್ಸೋ, ಇನ್‌ಸ್ಟಾಗ್ರಾಮೋ: ಸಣ್ಣ ವ್ಯಾಪಾರಕ್ಕೆ ಯಾವುದು ಮೊದಲು?

ಇನ್‌ಸ್ಟಾಗ್ರಾಂ ನಿಮ್ಮನ್ನು ಹೊಸಬರ ಕಣ್ಣಿಗೆ ಬೀಳಿಸುತ್ತದೆ. ವಾಟ್ಸಾಪ್ ಬಿಸಿನೆಸ್ ಒಮ್ಮೆ ಬಂದವರನ್ನು ಮತ್ತೆ ಕರೆತರುತ್ತದೆ. ಎರಡನ್ನೂ ಬಳಸಿ ನೋಡಿ ಹೇಳುವುದಾದರೆ, ಒಬ್ಬರೇ ನಡೆಸುವ ವ್ಯಾಪಾರದಲ್ಲಿ ಇದಕ್ಕೆಂದು ದಿನಕ್ಕೆ ಅರ್ಧ ಗಂಟೆಯಷ್ಟೇ ಸಿಗುವುದಿದ್ದರೆ ಮೊದಲು ವಾಟ್ಸಾಪ್ ಬಿಸಿನೆಸ್. ವಿಚಾರಿಸಿದವರಿಗೆ ಹೊತ್ತಿಗೆ ಉತ್ತರ ಹೋಗದಿದ್ದರೆ ರೀಲ್ ಎಷ್ಟು ಓಡಿದರೂ ವ್ಯಾಪಾರ ಕುದುರುವುದಿಲ್ಲ.

ವಾಟ್ಸಾಪ್ ಬಿಸಿನೆಸ್ಸಿನ ಕ್ಯಾಟಲಾಗಿನಲ್ಲಿ 500 ವಸ್ತುಗಳವರೆಗೆ ಹಾಕಬಹುದು. ಪ್ರತಿಯೊಂದಕ್ಕೂ ಬೆಲೆ, ಅಳತೆ, ಎರಡು ಮೂರು ಫೋಟೋ ಇರಲಿ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಟ್ಟುಕೊಂಡರೆ '/' ಒತ್ತಿದೊಡನೆ ಸಿಗುತ್ತದೆ. ಚಾಟ್‌ಗಳಿಗೆ 'ಹೊಸ ವಿಚಾರಣೆ', 'ಹಣ ಬಾಕಿ', 'ಕಳಿಸಿದ್ದು' ಎಂದು ಲೇಬಲ್ ಹಚ್ಚಿದರೆ ಯಾವ ಆರ್ಡರೂ ಕೈತಪ್ಪದು. ಹೆಚ್ಚಿನವರು ಎಡವುವುದು ಬ್ರಾಡ್‌ಕಾಸ್ಟ್‌ನಲ್ಲಿ, ಅಂದರೆ ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಬೇರೆಬೇರೆಯಾಗಿ ಕಳಿಸುವುದರಲ್ಲಿ. ಒಂದು ಪಟ್ಟಿಗೆ 256 ಜನರ ಮಿತಿ. ಅದರಲ್ಲೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸ್ತೀವಿ" ಎಂದು ಹೇಳಲೇಬೇಕು. ಕೇಳದವರಿಗೆಲ್ಲ ದಿನವೂ ಕಳಿಸಿದರೆ ಜನ ಬ್ಲಾಕ್, ರಿಪೋರ್ಟ್ ಮಾಡುತ್ತಾರೆ, ಖಾತೆಯೇ ಹೋಗಬಹುದು. ವಾರಕ್ಕೊಂದು ಸಾಕು.

ವಾಟ್ಸಾಪ್ ಬಿಸಿನೆಸ್ಸಿನ ದೊಡ್ಡ ಕೊರತೆ, ಗುರುತಿಲ್ಲದವರು ನಿಮ್ಮನ್ನು ಹುಡುಕಿಕೊಂಡು ಬರುವುದು ಕಷ್ಟ. ಅಲ್ಲಿ ಇನ್‌ಸ್ಟಾಗ್ರಾಂ ಮುಂದು. ಫಾಲೋ ಮಾಡದವರಿಗೂ ರೀಲ್ ಕಾಣುತ್ತದೆ. 9:16 ಅಳತೆಯಲ್ಲಿ, ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಸಿದ್ಧವಾದ ವಸ್ತುವನ್ನು ಮೊದಲ ಮೂರು ಸೆಕೆಂಡಿನಲ್ಲೇ ತೋರಿಸಿ, ಮಾಡುವ ಬಗೆ ಆಮೇಲೆ ಬರಲಿ. ಬೆಲೆಯನ್ನು ಪರದೆಯ ಕೆಳಭಾಗದಲ್ಲಿ ಬರೆದರೆ ಕ್ಯಾಪ್ಷನ್ ಅದನ್ನು ಮುಚ್ಚಿಬಿಡುತ್ತದೆ, ನಡುವೆ ಬರೆಯಿರಿ. ಬಿಸಿನೆಸ್ ಖಾತೆಗೆ ಜನಪ್ರಿಯ ಹಾಡುಗಳು ಎಷ್ಟೋ ಸಿಗುವುದಿಲ್ಲ. ಕೆಲಸದ ಸದ್ದು, ನಿಮ್ಮದೇ ದನಿ ಇದ್ದರೆ ಆ ತೊಡಕೇ ಇಲ್ಲ. "ಬೆಲೆಗೆ ಮೆಸೇಜ್ ಮಾಡಿ" ಎನ್ನುವುದನ್ನು ದಯವಿಟ್ಟು ಬಿಡಿ. ಬೆಲೆ ಕೇಳಲು ಸಂಕೋಚಪಡುವವರು ಸುಮ್ಮನೆ ಮುಂದೆ ಹೋಗುತ್ತಾರೆ.

ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕನ್ನು ಒತ್ತಿದರೆ ತೆರೆಯುವುದಿಲ್ಲ, ಬಯೋದಲ್ಲಿ (ಪ್ರೊಫೈಲಿನ ಪರಿಚಯದ ಜಾಗದಲ್ಲಿ) ಹಾಕಬೇಕು. ಎರಡನ್ನೂ ಜೋಡಿಸುವುದು ಇಲ್ಲೇ. ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಶಾರ್ಟ್ ಲಿಂಕ್ (ಒತ್ತಿದರೆ ನೇರ ನಿಮ್ಮ ಚಾಟ್ ತೆರೆಯುವ ಕೊಂಡಿ) ತೆರೆದು, ಅದರ ಸಂದೇಶದ ಜಾಗದಲ್ಲಿ "ಇನ್‌ಸ್ಟಾಗ್ರಾಂನಲ್ಲಿ ನೋಡಿದೆ, ವಿವರ ಬೇಕು" ಎಂದು ಬರೆದು, ಆ ಲಿಂಕನ್ನು ಬಯೋಗೆ ಸೇರಿಸಿ. ಗ್ರಾಹಕರು ಎಲ್ಲಿಂದ ಬಂದರೆಂಬುದು ಅವರ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಫೇಸ್‌ಬುಕ್ ಪೇಜಿನ ಪೋಸ್ಟು ದುಡ್ಡು ಹಾಕದೆ ದೂರ ಹೋಗುವುದಿಲ್ಲ. ಹಾಕುವುದಾದರೆ ಪೋಸ್ಟನ್ನೇ ಜಾಹೀರಾತಾಗಿಸುವ ಬೂಸ್ಟ್ ಗುಂಡಿಯನ್ನು ಕಣ್ಣುಮುಚ್ಚಿ ಒತ್ತಬೇಡಿ, ಲೈಕುಗಳಷ್ಟೇ ಬಂದಾವು. ಜಾಹೀರಾತು ನಡೆಸಲು ಇರುವ ಆ್ಯಡ್ಸ್ ಮ್ಯಾನೇಜರಿನಲ್ಲಿ ಸಂದೇಶ ಬರುವುದನ್ನೇ ಗುರಿಯಾಗಿ ಆರಿಸಿ, ಅಂಗಡಿಯ ಸುತ್ತ ನೀವು ಮಾಲು ತಲುಪಿಸಬಲ್ಲಷ್ಟೇ ದೂರವನ್ನು ಗುರುತಿಸಿ.

ಯೂಟ್ಯೂಬ್, ವಿವರಿಸಿ ಹೇಳಬೇಕಾದ ಕೆಲಸದವರಿಗೆ: ರಿಪೇರಿ, ಹೊಲಿಗೆ, ಪಾಠ. ರೀಲ್ ಬೇಗ ಮರೆಯಾಗುತ್ತದೆ, ಉದ್ದನೆಯ ವಿಡಿಯೋ ಹುಡುಕಾಟದಲ್ಲಿ ವರ್ಷಗಟ್ಟಲೆ ಸಿಗುತ್ತಿರುತ್ತದೆ. 2024ರ ಅಕ್ಟೋಬರ್‌ನಿಂದ ಯೂಟ್ಯೂಬಿನ ಕಿರು ವಿಡಿಯೋ ಶಾರ್ಟ್ಸ್ ಮೂರು ನಿಮಿಷದವರೆಗೂ ಇರಬಹುದು. ಆದರೆ ಅದರ ವಿವರಣೆಯಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ತೆರೆಯುವುದಿಲ್ಲ, ಹಾಗಾಗಿ ನಂಬರನ್ನು ವಿಡಿಯೋದಲ್ಲೇ ತೋರಿಸಿ.