ವೆಬ್‌ಸೈಟ್ ಮಾಡಿಸುವ ಮೊದಲು ಇದೊಂದನ್ನು ಕೇಳಿ: ಡೊಮೇನ್ ಯಾರ ಖಾತೆಯಲ್ಲಿರುತ್ತದೆ?

ಮೊದಲ ಸಲ ವೆಬ್‌ಸೈಟ್ ಮಾಡಿಸಲು ಹೊರಟವರಿಗೆ, ಅದರಲ್ಲೂ ಮನೆಯಲ್ಲೇ ಏನಾದರೂ ತಯಾರಿಸಿ ಮಾರುವವರಿಗೆ ಈ ಬರಹ. ಬಣ್ಣ, ಫೋಟೊ, ಲೋಗೊ ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ, ನಿಮ್ಮ ಇಮೇಲ್‌ನಿಂದ ತೆರೆದ ನಿಮ್ಮದೇ ಖಾತೆಯಲ್ಲಿ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ.

ನಮ್ಮ ಅತ್ತಿಗೆ ಶಿರಸಿ ಕಡೆಯ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾಡಿ ಮಾರುತ್ತಾರೆ. ಲೆಕ್ಕಪತ್ರ, ಕೊರಿಯರ್ ಇತ್ಯಾದಿ ನನ್ನ ಪಾಲಿಗೆ. ವಾಟ್ಸಾಪ್‌ನಲ್ಲೇ ಆರ್ಡರ್ ಬರುತ್ತಿತ್ತು. ಬೆಂಗಳೂರಿನವರು, ಆಮೇಲೆ ಹೊರದೇಶದಲ್ಲಿರುವ ನೆಂಟರ ಪರಿಚಯದವರೆಲ್ಲ ‘ಒಂದು ವೆಬ್‌ಸೈಟ್ ಮಾಡಿ, ಲಿಂಕ್ ಕಳಿಸಲಿಕ್ಕೆ ಅನುಕೂಲ’ ಎನ್ನತೊಡಗಿದ ಮೇಲೆ ಅತ್ತಿಗೆಗೂ ಹೌದೆನ್ನಿಸಿತು. ಪರಿಚಯದವರ ಮೂಲಕ ಒಬ್ಬರು ಸಿಕ್ಕರು. ಹೆಸರು ಬೇಡ. ಒಟ್ಟು ₹18,000ದ ಪ್ಯಾಕೇಜ್. ಡೊಮೇನ್, ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಡುವ ಬಾಡಿಗೆ ಜಾಗ), 10 ಪುಟ, ಎಸ್‌ಎಸ್‌ಎಲ್ (ಸೈಟಿಗೂ ನೋಡುವವರಿಗೂ ನಡುವಿನ ಮಾಹಿತಿಯನ್ನು ಗುಟ್ಟಾಗಿಡುವ ಭದ್ರತಾ ಪ್ರಮಾಣಪತ್ರ), ‘ಗೂಗಲ್‌ನಲ್ಲಿ ಮೊದಲ ಪುಟ’ ಎಲ್ಲ ಅದರಲ್ಲೇ ಸೇರಿತ್ತು. ಖಾತೆ, ಪಾಸ್‌ವರ್ಡ್ ಅಂತ ಕೇಳಿದಾಗ ಬಂದ ಉತ್ತರ: ‘ಅಕ್ಕಾ, ಅದಕ್ಕೆಲ್ಲ ನೀವ್ಯಾಕೆ ತಲೆ ಕೆಡಿಸ್ಕೋತೀರಿ, ನಾವೇ ನೋಡ್ಕೋತೀವಿ.’ ಈ ಮಾತು ಕಿವಿಗೆ ಬಿದ್ದ ಕೂಡಲೇ ನೀವು ಎದ್ದು ಬನ್ನಿ.

ಎರಡು ವರ್ಷ ಏನೂ ತೊಂದರೆಯಾಗಲಿಲ್ಲ. ವಿಳಾಸವನ್ನು ಬಾಟಲಿಯ ಲೇಬಲ್‌ಗೆ ಹಾಕಿಸಿದೆವು, ಮುಚ್ಚಳದ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆವು. ಮೇಲ್ ಐಡಿಯನ್ನೂ ಅದೇ ಹೆಸರಿನಲ್ಲಿ ಮಾಡಿಕೊಟ್ಟಿದ್ದರು. ಬ್ಯಾಂಕಿಗೆ, ಕೊರಿಯರ್ ಕಂಪನಿಗೆ ಅದೇ ಐಡಿ ಕೊಟ್ಟಿದ್ದೆವು. ಮೂರನೇ ವರ್ಷ ನವೀಕರಣಕ್ಕೆ ಕೇಳಿದ್ದು ₹24,000. ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ಸಾಧಾರಣ ಹೋಸ್ಟಿಂಗ್‌ಗೆ ಕೆಲವು ಸಾವಿರ. ಉಳಿದದ್ದು ಯಾವುದಕ್ಕೆ ಎಂದರೆ ‘ಮೇಂಟೆನೆನ್ಸ್’. ಹಾಗಾದರೆ ಹೆಸರನ್ನು ನಮಗೆ ಬಿಟ್ಟುಕೊಡಿ, ಬೇರೆ ಕಡೆ ಇಟ್ಟುಕೊಳ್ಳುತ್ತೇವೆ ಎಂದೆವು. ಮರುದಿನ ಸೈಟ್ ಬಂದ್. ಜೊತೆಗೆ ಮೇಲ್ ಕೂಡ ಬಂದ್. ಡೊಮೇನ್‌ನ ಸೆಟ್ಟಿಂಗ್ ಯಾರ ಕೈಯಲ್ಲಿದೆಯೋ ಆ ಹೆಸರಿನ ಮೇಲ್ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರೂ ಅವರೇ. ಇದು ಗೊತ್ತಾದದ್ದು ಬ್ಯಾಂಕಿನ ಒಟಿಪಿ ಬಾರದೆ ಕೂತಾಗ.

ಚೌಕಾಸಿ ನಡೆಯುತ್ತಿರುವಾಗಲೇ ಡೊಮೇನ್‌ನ ಅವಧಿ ಮುಗಿಯಿತು. ಆ ಮನುಷ್ಯ ನವೀಕರಿಸಲೂ ಇಲ್ಲ, ಫೋನ್ ಎತ್ತಲೂ ಇಲ್ಲ. ಆಮೇಲೆ ಬೆಂಗಳೂರಿನ ಗ್ರಾಹಕರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ಉಪ್ಪಿನಕಾಯಿ ಬಾಟಲಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ರಮ್ಮಿ, ಬೆಟ್ಟಿಂಗ್ ಜಾಹೀರಾತಿನ ಪುಟ ತೆರೆದುಕೊಳ್ಳುತ್ತಿತ್ತು. ‘ಮಗ ಸ್ಕ್ಯಾನ್ ಮಾಡಿದ, ಏನ್ರೀ ಇದು?’ ಎಂದು ಕೆಳಗೆ ಬರೆದಿದ್ದರು. ಅತ್ತಿಗೆ ಅವತ್ತು ಊಟ ಮಾಡಲಿಲ್ಲ.

ಇದು ಅಪರೂಪದ ಘಟನೆಯೇನಲ್ಲ. ಅವಧಿ ಮುಗಿದ ಹೆಸರುಗಳನ್ನು ಕಾದು ಕೂತು ಕೊಳ್ಳುವವರಿದ್ದಾರೆ. ಹಳೆಯ ಸೈಟಿಗೆ ಬೇರೆಯವರು ಕೊಟ್ಟಿರುವ ಲಿಂಕುಗಳು, ಗೂಗಲ್‌ನಲ್ಲಿ ಅದಕ್ಕಿರುವ ಗುರುತು, ರೂಢಿಯಿಂದ ಬರುವ ಜನ ಎಲ್ಲ ಅವರಿಗೆ ಪುಕ್ಕಟೆ ಸಿಗುತ್ತದೆ. ಜೂಜಿನ ಜಾಹೀರಾತು ಹಾಕಲು ಅಷ್ಟು ಸಾಕು.

ಇದರ ಹಿಂದಿರುವ ನಿಯಮಗಳನ್ನು ನಾನು ಆಮೇಲೆ ಕೂತು ಓದಿಕೊಂಡೆ. ನೀವು ಮೊದಲೇ ಓದಿಕೊಳ್ಳಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳಿವೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ. ಇವುಗಳ ಕೆಳಗೆ ರಿಜಿಸ್ಟ್ರಾರ್ ಎಂಬ ಕಂಪನಿಗಳು ಜನರಿಗೆ ಹೆಸರು ನೋಂದಾಯಿಸಿಕೊಡುತ್ತವೆ. ಯಾರ ಹೆಸರು ನೋಂದಣಿಯಲ್ಲಿದೆಯೋ ಅವರೇ ಹಕ್ಕುದಾರರು. ದುಡ್ಡು ಕೊಟ್ಟವರು ಯಾರು, ಲೇಬಲ್ ಮೇಲೆ ಅಚ್ಚಾಗಿರುವುದು ಯಾರ ಹೆಸರು ಎಂದು ರಿಜಿಸ್ಟ್ರಾರ್ ಕೇಳುವುದಿಲ್ಲ. ಪಹಣಿಯಲ್ಲಿ ಇನ್ನೊಬ್ಬರ ಹೆಸರಿರುವ ಗದ್ದೆಗೆ ಗೊಬ್ಬರ ಹಾಕಿದ ಲೆಕ್ಕವಾಯಿತು ನಮ್ಮದು.

ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಒಮ್ಮೆ, ಮುಗಿದ 5 ದಿನದೊಳಗೆ ಮತ್ತೊಮ್ಮೆ ರಿಜಿಸ್ಟ್ರಾರ್ ನೆನಪಿಸಲೇಬೇಕು ಎಂದು ಐಕ್ಯಾನ್ ಹೇಳುತ್ತದೆ. ಆದರೆ ಆ ಮೇಲ್ ಹೋಗುವುದು ನೋಂದಣಿಯಲ್ಲಿರುವ ವಿಳಾಸಕ್ಕೆ. ನಮಗೆ ಒಂದೂ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಇನ್ನೂ ಕೆಲವು ದಿನ ಮಾಮೂಲಿ ದರಕ್ಕೇ ನವೀಕರಿಸಲು ಬಿಡಬಹುದು. ಎಷ್ಟು ದಿನ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, 45 ದಿನದವರೆಗೂ ಇರಬಹುದು. ಕೆಲವು ದೊಡ್ಡ ಕಂಪನಿಗಳು ಈ ಅವಧಿಯಲ್ಲೇ ಹೆಸರನ್ನು ಹರಾಜಿಗಿಡುತ್ತವೆ. ಹೆಸರು ಅಳಿಸಿಹೋದ ಮೇಲೂ 30 ದಿನ ದಂಡದ ದರ ಕೊಟ್ಟು ಬಿಡಿಸಿಕೊಳ್ಳುವ ಅವಕಾಶವಿದೆ. ಅದಾದ 5 ದಿನಕ್ಕೆ ಯಾರು ಬೇಕಾದರೂ ಕೊಳ್ಳಬಹುದು. ಬಿಡಿಸಿಕೊಳ್ಳುವ ಅವಕಾಶವೆಲ್ಲ ನೋಂದಾಯಿತ ಹಕ್ಕುದಾರರಿಗೆ ಮಾತ್ರ. ದುಡ್ಡು ಹಿಡಿದುಕೊಂಡು ನಿಂತಿದ್ದರೂ ನಮ್ಮಿಂದ ತೆಗೆದುಕೊಳ್ಳುವವರಿರಲಿಲ್ಲ.

ಕಾನೂನಿನ ದಾರಿ ಇಲ್ಲವೇ ಎಂದು ಅನೇಕರು ಕೇಳಿದರು. ಇದೆ, ಉಪ್ಪಿನಕಾಯಿ ಮಾರುವವರಿಗೆ ಎಟಕುವುದಿಲ್ಲ ಅಷ್ಟೆ. ಡಾಟ್ ಕಾಮ್ ಹೆಸರಿನ ವ್ಯಾಜ್ಯವನ್ನು ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಒಯ್ಯಬಹುದು. ಒಬ್ಬ ತೀರ್ಪುಗಾರರಿದ್ದರೆ ಶುಲ್ಕವೇ 1,500 ಡಾಲರ್, ವಕೀಲರ ಖರ್ಚು ಬೇರೆ. ಮೇಲಾಗಿ ಆ ಹೆಸರಿನ ಮೇಲೆ ನಿಮಗೆ ಟ್ರೇಡ್‌ಮಾರ್ಕ್ ಹಕ್ಕಿದೆ, ಎದುರಿನವರು ಕೆಟ್ಟ ಉದ್ದೇಶದಿಂದ ಕೊಂಡಿದ್ದಾರೆ ಎಂದೆಲ್ಲ ಸಾಬೀತು ಮಾಡಬೇಕು. ಡಾಟ್ ಇನ್‌ಗೆ ನಿಕ್ಸಿಯ ಬೇರೆ ವ್ಯವಸ್ಥೆಯಿದ್ದರೂ ಅಲ್ಲೂ ಹೆಸರಿನ ಮೇಲಿನ ಹಕ್ಕನ್ನು ತೋರಿಸಬೇಕಾದವರು ನೀವೇ. ಕೊಟ್ಟ ದುಡ್ಡಿಗೆ ಸೇವೆ ಸಿಗಲಿಲ್ಲ ಎಂಬ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬ ತಕರಾರು ಬರಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ 2019ರ ಕಾಯ್ದೆಯಲ್ಲಿ ವಿನಾಯಿತಿ ಇದ್ದರೂ, ಅಲ್ಲಿ ಹೆಸರಿಸಿರುವುದು ಕೊಂಡ ಸರಕನ್ನು ಮಾತ್ರ, ಸೇವೆಯನ್ನಲ್ಲ. ನಾವು ದೂರು ಕೊಟ್ಟಿದ್ದೇವೆ. ದುಡ್ಡಿನ ವಿಷಯ ಎಳೆದಾಡುತ್ತಿದೆ. ಹೆಸರು ಮಾತ್ರ ಹೋದದ್ದು ಹೋಯಿತು.

ವೆಬ್‌ಸೈಟಿನ ಫೈಲುಗಳನ್ನಾದರೂ ಕೊಡಿ ಎಂದಾಗ ‘ಡಿಸೈನ್ ನಮ್ಮದು’ ಎಂಬ ಉತ್ತರ ಬಂದಿತ್ತು. ಸಿಟ್ಟು ಬರುವ ಮಾತೇ, ಆದರೆ ಪೂರ್ತಿ ಸುಳ್ಳಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮ ನೌಕರರಲ್ಲದ ಹೊರಗಿನವರು ಬರೆದ ಕೋಡ್‌ಗೆ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಬರೆದವರೇ. ಹಕ್ಕು ನಿಮಗೆ ಬರಬೇಕಾದರೆ ಲಿಖಿತವಾಗಿ, ಸಹಿ ಸಮೇತ ಬರೆಸಿಕೊಳ್ಳಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಹಿಡಿಯುತ್ತದೆ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅತ್ತಿಗೆ ಬರೆದ ಬರಹ, ನಾನು ಮೊಬೈಲಿನಲ್ಲಿ ತೆಗೆದ ಮಿಡಿಮಾವಿನ ಫೋಟೊ ನಮ್ಮವೇ. ಅವುಗಳಲ್ಲಿ ಅಷ್ಟಿಷ್ಟು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಸಿಕ್ಕವು. ಹಳೆಯ ಪುಟಗಳನ್ನು ನಕಲು ಮಾಡಿ ಇಡುವ ಜಾಗ ಅದು. ಸೈಟ್ ಕಳೆದುಕೊಂಡವರು ಮೊದಲು ಅಲ್ಲಿ ಹುಡುಕಿ.

ಎರಡು ವರ್ಷ ಸೈಟಿಗೆ ಏನೂ ತೊಂದರೆಯಾಗಲಿಲ್ಲ ಎಂದೆನಲ್ಲ, ಅದರ ಒಳಗೆ ಏನಿತ್ತು ಎಂಬುದನ್ನೂ ಹೇಳಬೇಕು. 10 ಪುಟ ತುಂಬಿಸಲು ‘ಅವರ್ ವಿಷನ್’, ‘ಅವರ್ ಮಿಷನ್’ ಎಂಬ ಪುಟಗಳಿದ್ದವು. ಉಪ್ಪಿನಕಾಯಿಗೆ ಎಂಥ ಮಿಷನ್! ಬೇಕಾದ ಪುಟಗಳೆಂದರೆ ಏನು ಮಾರುತ್ತೇವೆ, ಬೆಲೆ ಎಷ್ಟು, ಎಲ್ಲಿಗೆಲ್ಲ ಕಳಿಸುತ್ತೇವೆ, ಒಡೆದು ಬಂದರೆ ಏನು ಮಾಡುತ್ತೇವೆ, ಯಾರನ್ನು ಸಂಪರ್ಕಿಸಬೇಕು. ಇದನ್ನು ವೆಬ್‌ಸೈಟಿನವರ ಬಳಿ ಹೋಗುವ ಮೊದಲು ನೀವೇ ಒಂದು ಹಾಳೆಯಲ್ಲಿ ಬರೆದಿಡಿ. ಆನ್‌ಲೈನ್ ಪಾವತಿ ಬೇಕಿದ್ದರೆ ಹಣ ವಾಪಸಿ, ಗೌಪ್ಯತೆ, ಷರತ್ತುಗಳ ಪುಟಗಳನ್ನು ಪೇಮೆಂಟ್ ಗೇಟ್‌ವೇ ಕಂಪನಿಗಳು, ಅಂದರೆ ಗ್ರಾಹಕರು ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ನಿಮ್ಮ ಬ್ಯಾಂಕಿಗೆ ತಲುಪಿಸುವವರು, ಕೇಳುತ್ತಾರೆ. ಈ ಗೇಟ್‌ವೇ ವಿಷಯದಲ್ಲಿ ನಮ್ಮನ್ನು ಉಳಿಸಿದ್ದು ಅತ್ತಿಗೆ. ‘ಸದ್ಯಕ್ಕೆ ನಮ್ಮ ಅಕೌಂಟಿಗೆ ಬರಲಿ, ವಾರಕ್ಕೊಮ್ಮೆ ನಿಮಗೆ ಹಾಕ್ತೀವಿ’ ಎಂದು ವೆಬ್‌ಸೈಟಿನವರು ಹೇಳಿದ್ದಕ್ಕೆ, ‘ದುಡ್ಡು ನನ್ನ ಪಾಸ್‌ಬುಕ್ಕಿಗೇ ಬರಬೇಕು, ಇಲ್ದಿದ್ರೆ ಆ ಗುಂಡಿಯೇ ಬೇಡ’ ಎಂದು ಅತ್ತಿಗೆ ಪಟ್ಟು ಹಿಡಿದಿದ್ದರು.

ಕನ್ನಡ ಪುಟಗಳ ಕಥೆ ಇನ್ನೊಂದು. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹವನ್ನು ವೆಬ್‌ಸೈಟಿನವರಿಗೆ ಕೊಟ್ಟಿದ್ದೆವು. ಆಸ್ಕಿ ಎಂದರೆ ಒಳಗಿರುವುದು ಇಂಗ್ಲಿಷ್ ಕೀಲಿಗಳ ಗುರುತು, ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅವರು ಕಂಡುಕೊಂಡ ಉಪಾಯ, ಇಡೀ ಪುಟವನ್ನೇ ಚಿತ್ರವಾಗಿ ಹಾಕಿಬಿಡುವುದು. ಪುಟ ಅಂದವಾಗಿಯೇ ಇತ್ತು. ಆದರೆ ‘ಅಪ್ಪೆಮಿಡಿ’ ಎಂದು ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗಲೇ ಇಲ್ಲ. ಮೊಬೈಲಿನಲ್ಲಿ ಅಕ್ಷರ ಇಷ್ಟಿಷ್ಟೇ ಕಾಣುತ್ತಿತ್ತು, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವ ಹಾಗೂ ಇರಲಿಲ್ಲ. ಕನ್ನಡ ಬರಹ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನುಗಳಿಗೂ ಕನ್ನಡವೆಂದೇ ತಿಳಿಯುವ ಅಕ್ಷರ ಗುರುತಿನಲ್ಲೇ ಇರಬೇಕು ಎಂದು ಮೊದಲೇ ಹೇಳಿ. ಪುಟದ ಒಂದು ಪದವನ್ನು ಒತ್ತಿ ಹಿಡಿದು, ಕಾಪಿ ಮಾಡಿ, ವಾಟ್ಸಾಪ್‌ಗೆ ಹಾಕಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ ಇದೆ. ಹಳೆಯ ಆಸ್ಕಿ ಬರಹವನ್ನು ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮದಂಥ ಉಚಿತ ಫಾಂಟುಗಳಿರುವಾಗ ಚಿತ್ರದ ಗೊಡವೆಯೇ ಬೇಡ.

ಬಿಲ್ಲಿನಲ್ಲಿ ಎಸ್‌ಎಸ್‌ಎಲ್‌ಗೆ ₹3,500 ಹಾಕಿದ್ದರು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆಯ ಯೋಜನೆ 2015ರ ಕೊನೆಯಿಂದ ಇದನ್ನು ಪುಕ್ಕಟೆ ಕೊಡುತ್ತಿದೆ. ಬಹಳಷ್ಟು ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು ಗುಂಡಿ ಒತ್ತಿದರಾಯಿತು. ಇನ್ನು ಗೂಗಲ್‌ನಲ್ಲಿ ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿದೆ. ‘ಪ್ರೀಮಿಯಂ ಥೀಮ್ ಫ್ರೀಯಾಗಿ ಹಾಕಿಕೊಡ್ತೀವಿ’ ಎಂದರೆ ಅದು ಕದ್ದ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಇರಬಹುದು, ಎಲ್ಲಿಂದ ತಂದದ್ದು ಎಂದು ಕೇಳಿ. ಅಂಥವುಗಳ ಒಳಗೆ ಎಷ್ಟೋ ಸಲ ಕಳ್ಳ ಕೋಡ್ ಅಡಗಿರುತ್ತದೆ. ಸೈಟ್ ಕಟ್ಟುವ ಉಚಿತ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲೇ ಸಾವಿರಾರು ಉಚಿತ ಥೀಮುಗಳಿವೆ.

ಈಗಾಗಲೇ ವೆಬ್‌ಸೈಟ್ ಇರುವವರು ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. 2018ರಿಂದೀಚೆಗೆ ಹಕ್ಕುದಾರರ ಹೆಸರನ್ನು ಸಾಮಾನ್ಯವಾಗಿ ಮರೆಮಾಡುತ್ತಾರೆ, ಅದು ಕಾಣದಿದ್ದರೆ ಗಾಬರಿ ಬೇಡ. ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತದೆ ಎಂಬುದು ಕಾಣುತ್ತದೆ. ಆ ಕಂಪನಿಯಲ್ಲಿ ನಿಮ್ಮದೊಂದು ಖಾತೆ ಇಲ್ಲ ಎಂದಾದರೆ ಹೆಸರು ನಿಮ್ಮ ಕೈಯಲ್ಲಿಲ್ಲ. ಸಂಬಂಧ ಚೆನ್ನಾಗಿರುವಾಗಲೇ ಮಾಡಿದವರಿಗೆ ಹೀಗೊಂದು ಸಂದೇಶ ಕಳಿಸಿ: ‘ಡೊಮೇನ್ ಅನ್ನು ನನ್ನ ಖಾತೆಗೆ ವರ್ಗಾಯಿಸಿಕೊಡಿ, ಅಥವಾ ಲಾಕ್ ತೆಗೆದು ಆಥ್ ಕೋಡ್ ಕೊಡಿ. ಹೋಸ್ಟಿಂಗ್ ಲಾಗಿನ್, ವರ್ಡ್‌ಪ್ರೆಸ್ ಅಡ್ಮಿನ್, ಪೂರ್ತಿ ಬ್ಯಾಕಪ್ ಬೇಕು. ನಿರ್ವಹಣೆಯ ಕೆಲಸ ಎಂದಿನಂತೆ ನಿಮಗೇ ಇರುತ್ತದೆ.’ ಆಥ್ ಕೋಡ್ ಎಂದರೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬೇಕಾದ ಗುಪ್ತ ಸಂಕೇತ. ಸಂದೇಶದ ಕೊನೆಯ ವಾಕ್ಯ ಮುಖ್ಯ, ಅದಿದ್ದರೆ ಜಗಳವಿಲ್ಲದೆ ಕೊಡುವ ಸಾಧ್ಯತೆ ಹೆಚ್ಚು. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗೆ ಬೇರೆ ಕಂಪನಿಗೆ ಒಯ್ದ ಡಾಟ್ ಕಾಮ್ ಹೆಸರು 60 ದಿನ ಜಾಗ ಬದಲಿಸಲಾಗದ ಹಾಗೆ ಲಾಕ್ ಆಗಿರಬಹುದು. ಅದನ್ನೇ ನೆಪ ಮಾಡಿಕೊಂಡು ತಿಂಗಳುಗಟ್ಟಲೆ ಎಳೆದರೆ ಅನುಮಾನಿಸಿ.

ನಾವು ಹೊಸ ಹೆಸರನ್ನು ಅತ್ತಿಗೆಯ ಜಿಮೇಲ್‌ನಿಂದಲೇ ಕೊಂಡೆವು. ಡೊಮೇನ್ ಖಾತೆಯ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು, ಹೆಸರು ಬಂದಾದರೆ ಪಾಸ್‌ವರ್ಡ್ ಬದಲಿಸುವ ಮೇಲೂ ಬರುವುದಿಲ್ಲ. ಮೊದಲ ವರ್ಷ ₹99 ಎಂದು ಕಂಡರೆ ಎರಡನೇ ವರ್ಷದ ದರವನ್ನೂ ನೋಡಿ. ತಾನಾಗಿ ನವೀಕರಣವಾಗುತ್ತದೆ ಎಂದು ಆಟೊ ರಿನ್ಯೂವಲ್ ನಂಬಿ ಕೂರಬೇಡಿ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊರದೇಶದ ಕಂಪನಿಗಳು ನಮ್ಮ ಕಾರ್ಡಿನಿಂದ ತಾವಾಗಿ ಹಣ ಎಳೆದುಕೊಳ್ಳುವುದು ಎಷ್ಟೋ ಸಲ ವಿಫಲವಾಗುತ್ತದೆ. ಹೆಸರನ್ನು ಒಮ್ಮೆಗೆ 10 ವರ್ಷದವರೆಗೂ ನೋಂದಾಯಿಸಬಹುದು. ಕೈಲಾದಷ್ಟು ವರ್ಷಕ್ಕೆ ಕಟ್ಟಿಬಿಡಿ.

ಕೊಂಡ ಮೇಲೆ ಫೋನುಗಳು ಶುರುವಾಗುತ್ತವೆ. ನೋಂದಣಿಯ ವಿವರ ಎಲ್ಲೋ ಸೋರಿ ‘ವೆಬ್‌ಸೈಟ್ ಡಿಸೈನ್ ಬೇಕಾ ಮೇಡಂ’ ಎಂದು ದಿನವಿಡೀ ಕೇಳುತ್ತಾರೆ. ಅದು ಬರೀ ಕಿರಿಕಿರಿ. ಅದಕ್ಕಿಂತ ಕೆಟ್ಟದ್ದು, ನವೀಕರಣದ ಬಿಲ್ಲಿನಂತೆಯೇ ಕಾಣುವ ಮೇಲ್. ನಿಮ್ಮ ಡೊಮೇನ್ ಹೆಸರು, ಕೊನೆಯ ದಿನಾಂಕ, ಪಾವತಿಯ ಗುಂಡಿ ಎಲ್ಲ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಯಾವುದೋ ‘ಸರ್ಚ್ ಎಂಜಿನ್ ನೋಂದಣಿ ಸೇವೆ’ ಎಂದಿರುತ್ತದೆ. ಅದರ ಲಿಂಕ್ ಒತ್ತಬೇಡಿ. ರಿಜಿಸ್ಟ್ರಾರ್ ಖಾತೆಗೆ ನೀವೇ ವಿಳಾಸ ಟೈಪ್ ಮಾಡಿ ಒಳಹೋಗಿ, ಬಾಕಿ ಇದೆಯೇ ಎಂದು ನೋಡಿ, ಅಲ್ಲೇ ಕಟ್ಟಿ.